ಮೊದಲ ಸಲ ಡ್ರ್ಯಾಗ್ ಸ್ಟ್ರಿಪ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಗಾಡಿ ಹುಚ್ಚಿನವರಿಗೆ ಕೊರತೆ ಇಲ್ಲ. ಡ್ರ್ಯಾಗ್ ರೇಸ್ ವಿಡಿಯೊ ನೋಡಿದವರು ಬೇಕಾದಷ್ಟು ಜನ. ಸ್ಟ್ರಿಪ್, ಅಂದರೆ ಆ ರೇಸ್ ನಡೆಯುವ ನೇರ ದಾರಿ, ಅದರ ಮೇಲೆ ಗಾಡಿ ನಿಲ್ಲಿಸಿದವರು ಮಾತ್ರ ಕಡಿಮೆ. ಹೋಗಬೇಕು ಅಂತ ಆಸೆ ಇರುವವರು ಗ್ಯಾರೇಜಿನ ಎದುರು ಚಹಾ ಕುಡಿಯುತ್ತ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದೆ. ಬೈಕು, ಕಾರು ಎರಡಕ್ಕೂ ಸೇರಿಸಿ ಬರೆದಿದೆ.

ಡ್ರ್ಯಾಗ್ ರೇಸ್ ಅಂದರೆ ಸುಮ್ನೆ ಜೋರಾಗಿ ಓಡಿಸೋದಾ?

ಎರಡು ಗಾಡಿ, ಒಂದು ನೇರ ದಾರಿ. ನಿಂತಲ್ಲಿಂದ ಹೊರಟು ಗೆರೆ ಮುಟ್ಟಬೇಕು, ಅಷ್ಟೇ. ರೂಢಿಯ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಜಾಗ ಸಾಲದಿದ್ದರೆ ಅದರ ಅರ್ಧ. ನೀವು ಹೋಗುವ ಕೂಟದಲ್ಲಿ ದೂರ ಎಷ್ಟು ಇಟ್ಟಿದ್ದಾರೆ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಸಮಯವನ್ನು ಬೇರೆಯವರ ಸಮಯದ ಜೊತೆ ಹೋಲಿಸಿ ಸುಮ್ನೆ ಬೀಗುತ್ತೀರಿ.

ಅಮೆರಿಕದಲ್ಲಿ ಈ ಆಟಕ್ಕೆ ಶಿಸ್ತು ತಂದ ಎನ್‌ಎಚ್‌ಆರ್‌ಎ ಸಂಸ್ಥೆ ಶುರುವಾದದ್ದು 1951ರಲ್ಲಿ. ಅಲ್ಲಿನ ಅತಿ ವೇಗದ ಟಾಪ್ ಫ್ಯೂಯೆಲ್ ಗಾಡಿಗಳು ಈಗ ಕಾಲು ಮೈಲಿ ಓಡುವುದಿಲ್ಲ. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕನ ಗಾಡಿ ಸ್ಟ್ರಿಪ್‌ನ ಕೊನೆಯಲ್ಲೂ ನಿಲ್ಲದೆ ಆತ ತೀರಿಹೋದ. ಆಮೇಲೆ ಆ ದೊಡ್ಡ ಗಾಡಿಗಳಿಗೆ ದೂರವನ್ನು 1000 ಅಡಿಗೆ ಇಳಿಸಿದರು. ಓಡುವ ಜಾಗದಷ್ಟೇ ನಿಲ್ಲುವ ಜಾಗವೂ ಮುಖ್ಯ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಸ್ಟ್ರಿಪ್ ಇದೆಯಾ?

ಇಲ್ಲ. ನಮ್ಮ ದೇಶದಲ್ಲಿ ಡ್ರ್ಯಾಗ್ ಕೂಟಗಳು ಹೆಚ್ಚಾಗಿ ನಡೆಯುವುದು ಯಾವುದಾದರೂ ರನ್‌ವೇ ಮೇಲೆ, ಇಲ್ಲವೇ ರೇಸ್ ಟ್ರ್ಯಾಕಿನ ನೇರ ಭಾಗದಲ್ಲಿ. ಹೆಸರು ಮಾಡಿದ ಜಾಗ ಎರಡು. ಒಂದು ಮಹಾರಾಷ್ಟ್ರದ ಲೋಣಾವಳ ಹತ್ತಿರದ ಆಂಬಿ ವ್ಯಾಲಿ ರನ್‌ವೇ, ಅಲ್ಲಿ ‘ವ್ಯಾಲಿ ರನ್’ ಕೂಟ ನಡೆದಿದೆ. ಇನ್ನೊಂದು ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕ್. ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ಅಲ್ಲಿ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು ಹಲವು ಸಲ ಗೆದ್ದ ಹೇಮಂತ್ ಮುದ್ದಪ್ಪ ಬೆಂಗಳೂರಿನವರು. ಹಾಗಾಗಿ ಇದು ಕನ್ನಡದವರಿಗೆ ದೂರದ ಆಟ ಏನಲ್ಲ.

ಕೆಲವು ದಿನ ನೇರವಾಗಿ ಹೋಗಿ ದುಡ್ಡು ಕೊಟ್ಟು ಓಡಿಸಿ ಬರುವ ಪದ್ಧತಿ ಅಮೆರಿಕದ ಹಲವು ಸ್ಟ್ರಿಪ್‌ಗಳಲ್ಲಿದೆ. ನಮ್ಮಲ್ಲಿ ಕೂಟದ ದಿನಾಂಕ ಬರಬೇಕು, ಮೊದಲೇ ಹೆಸರು ನೋಂದಾಯಿಸಬೇಕು.

ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದರೆ ಅಲ್ಲೇ ಮಾಡಬಹುದಲ್ಲ?

ಅದು ನೌಕಾಪಡೆಯ ಯೋಜನೆ ಮಾರಾಯ್ರೆ. ಬಿಟ್ಟುಬಿಡಿ.

ಹೆದ್ದಾರಿ 66 ಈಗ ನಾಲ್ಕು ಪಥ. ರಾತ್ರಿ ಖಾಲಿ ಇರುವಾಗ ಒಂದು ಕೈ ನೋಡಿದರೆ?

ಬೇಡ. ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಬೀಳುತ್ತದೆ. 2019ರ ತಿದ್ದುಪಡಿ ನಂತರ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ 1 ವರ್ಷ, 10,000 ರೂಪಾಯಿವರೆಗೆ ಹೋಗುತ್ತದೆ. ಓಡಿಸಿದ್ದು 18 ತುಂಬದ ಹುಡುಗನಾದರೆ ಅಪ್ಪ ಅಥವಾ ಗಾಡಿಯ ಮಾಲೀಕರ ಮೇಲೆ ಕೇಸು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಕಾನೂನು ಬದಿಗಿರಲಿ. ನಮ್ಮ ಹೆದ್ದಾರಿಯಲ್ಲಿ ರಾತ್ರಿ ದನ ಮಲಗಿರುತ್ತದೆ. ಮೀನಿನ ಲಾರಿಯಿಂದ ನೀರು ಸೋರಿ ರಸ್ತೆ ಜಾರುತ್ತದೆ. ಡಿವೈಡರ್ ಸಂದಿಯಿಂದ ಲೈಟಿಲ್ಲದ ಸ್ಕೂಟರ್ ನುಗ್ಗುತ್ತದೆ. ಸ್ಟ್ರಿಪ್‌ನಲ್ಲಿ ಇದ್ಯಾವುದೂ ಇಲ್ಲ. ಜೊತೆಗೆ ಆಂಬುಲೆನ್ಸ್, ಬೆಂಕಿ ಆರಿಸುವವರು ಪಕ್ಕದಲ್ಲೇ ನಿಂತಿರುತ್ತಾರೆ. ಅಷ್ಟು ದೂರ ಹೋಗುವುದು ಇದಕ್ಕೇ.

ಮೊದಲ ಸಲವೇ ಓಡಿಸಬೇಕಾ, ನೋಡಲು ಹೋದರೆ ಸಾಕಾ?

ಸಾಧ್ಯವಾದರೆ ಒಂದು ಕೂಟ ಸುಮ್ನೆ ನೋಡಿ ಬನ್ನಿ. ಹಣ ಉಳಿಯುತ್ತದೆ, ಭಯ ಕಡಿಮೆಯಾಗುತ್ತದೆ. ಗೆರೆ ಮುಟ್ಟುವ ಕಡೆ ನಿಂತರೆ ಸುಂಯ್ ಅಂತ ಗಾಡಿ ಹೋದದ್ದು ಬಿಟ್ಟರೆ ಏನೂ ತಿಳಿಯುವುದಿಲ್ಲ. ಹೊರಡುವ ಕಡೆ, ಬೇಲಿಯ ಹಿಂದೆ ಜಾಗ ಹಿಡಿಯಿರಿ. ಚಾಲಕ ಗಾಡಿಯನ್ನು ಹೇಗೆ ಇಂಚಿಂಚಾಗಿ ಮುಂದೆ ತರುತ್ತಾನೆ, ಯಾರ ಚಕ್ರ ತಿರುಗಿ ಹೊಗೆ ಎದ್ದಿತು, ಯಾರದು ಕಚ್ಚಿಕೊಂಡು ಹೋಯಿತು, ಎಲ್ಲ ಕಾಣುತ್ತದೆ. ನಾಲ್ಕು ಗಂಟೆ ಅಲ್ಲಿ ನಿಂತರೆ ಕಲಿಯುವುದು ನಲವತ್ತು ವಿಡಿಯೊದಲ್ಲಿ ಸಿಗುವುದಿಲ್ಲ.

ನೋಡಲು ಹೋಗುವವರಿಗೆ ರೈಲೂ ಇದೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕಾರವಾರದಲ್ಲಿ ಹತ್ತಿ ಪನವೇಲ್‌ನಲ್ಲಿ ಇಳಿದರೆ ಲೋಣಾವಳ ದೂರವಿಲ್ಲ. ರನ್‌ವೇ ಮೇಲೆ ನೆರಳು ಇರುವುದಿಲ್ಲ. ಟೋಪಿ, ನೀರು, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್ ಬೇಕು. ಮಕ್ಕಳನ್ನು ಕರೆದುಕೊಂಡು ಹೋದರೆ ಅವರ ಕಿವಿಗೆ ಮೊದಲು ನೋಡಿ. ದೊಡ್ಡ ಬೈಕಿನ ಸೈಲೆನ್ಸರ್ ಸದ್ದು ಚಂಡೆ ಮದ್ದಳೆ ತರಹ ಅಲ್ಲ, ಕಿವಿಗೆ ಬಡಿಯುತ್ತದೆ.

ನನ್ನದು ಸಾದಾ ಗಾಡಿ. ನಗುತ್ತಾರಾ?

ನಗುವುದಿಲ್ಲ. ಗಾಡಿಗಳನ್ನು ಸಿಸಿ ನೋಡಿ ವರ್ಗ ಮಾಡುತ್ತಾರೆ. ಸಣ್ಣ ಬೈಕಿಗೆ ಸಣ್ಣ ಬೈಕೇ ಎದುರಾಳಿ, 1000 ಸಿಸಿ ಬಂದು ನಿಮ್ಮ ಪಕ್ಕ ನಿಲ್ಲುವುದಿಲ್ಲ. ಎರಡು ಸ್ಟ್ರೋಕಿನವಕ್ಕೆ ಪ್ರತ್ಯೇಕ ವರ್ಗವೇ ಇರುವುದುಂಟು. ನಮ್ಮ ಕಡೆ ಇನ್ನೂ ಮುದ್ದಾಗಿ ಸಾಕಿಕೊಂಡಿರುವ ಯಮಹಾ ಆರ್‌ಎಕ್ಸ್ 100ಗಳ ಮಾಲೀಕರು ಇದನ್ನು ಗಮನಿಸಿ. ಆ ಬೈಕಿನ ತಯಾರಿಕೆ 1996ರಲ್ಲೇ ನಿಂತರೂ ಡ್ರ್ಯಾಗ್ ಮಾಡುವವರು ಅದನ್ನು ಬಿಟ್ಟಿಲ್ಲ.

1.2 ಲೀಟರಿನ ಮಾಮೂಲಿ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾಲು ಮೈಲಿಗೆ 17ರಿಂದ 19 ಸೆಕೆಂಡ್ ತೆಗೆದುಕೊಳ್ಳುತ್ತದೆ. ಟಾಪ್ ಫ್ಯೂಯೆಲ್ ಗಾಡಿ 1000 ಅಡಿಯನ್ನು ನಾಲ್ಕು ಸೆಕೆಂಡಿನ ಒಳಗೆ ಮುಗಿಸುತ್ತದೆ. ಎರಡೂ ಅದೇ ಆಟ.

ಹೋಗುವ ಮೊದಲು ಗಾಡಿಗೆ ಏನೇನು ಹಾಕಿಸಲಿ? ಫಿಲ್ಟರ್, ಸೈಲೆನ್ಸರ್, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು)?

ಏನೂ ಹಾಕಿಸಬೇಡಿ. ಇದನ್ನು ಎಷ್ಟು ಹೇಳಿದರೂ ಹುಡುಗರು ಕೇಳುವುದಿಲ್ಲ. ಕೈಯಲ್ಲಿ 20,000 ಇದ್ದರೆ ಟಯರಿಗೆ, ಬ್ರೇಕಿಗೆ ಖರ್ಚು ಮಾಡಿ. ಮೊದಲ ದಿನ ನಿಮ್ಮ ಸಮಯ ಹಾಳಾಗುವುದು ಇಂಜಿನ್ ಬಲ ಸಾಲದೆ ಅಲ್ಲ, ಹೊರಡುವಾಗ ಚಕ್ರ ಸುಮ್ನೆ ತಿರುಗಿ. ಬಲ ಹೆಚ್ಚಿಸಿದರೆ ಇನ್ನೂ ಜಾಸ್ತಿ ತಿರುಗುತ್ತದೆ.

ಇನ್ನು ಕರಾವಳಿಯ ಗಾಡಿಗೆ ಅದರದೇ ಕಾಯಿಲೆಗಳಿವೆ. ಕಾರವಾರದಲ್ಲಿ ಕಡಲ ಗಾಳಿಗೆ ಬ್ರೇಕ್ ಡಿಸ್ಕ್ ಮೇಲೆ ಒಂದೇ ರಾತ್ರಿಯಲ್ಲಿ ಕಂದು ಪದರ ಕೂರುತ್ತದೆ. ಮೇಲಿನದು ಎರಡು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಆದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಒಳಗೆ ತುಕ್ಕು ಹಿಡಿದಿದ್ದರೆ ಒಂದು ಕಡೆಯ ಬ್ರೇಕ್ ಮಾತ್ರ ಹಿಡಿಯುತ್ತದೆ, ಜೋರಿನಲ್ಲಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಬಿಚ್ಚಿಸಿ ನೋಡಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾದರೆ ಬದಲಿಸಿ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಬೈಕಿನ ಚೈನು ತುಕ್ಕು ಹಿಡಿದು ಗಂಟು ಗಂಟಾಗಿದ್ದರೆ ಹೊಸದು ಹಾಕಿಸಿ. ಡ್ರ್ಯಾಗ್‌ನಲ್ಲಿ ಮೊದಲ ಪೆಟ್ಟು ಬೀಳುವುದೇ ಚೈನಿಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇನ್ನೊಂದು ಕೆಲಸ. ಮಡ್‌ಗಾರ್ಡ್ ಒಳಗೆ, ಬಂಪರ್ ಅಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ತೋಟದ ದಾರಿಯಲ್ಲಿ ಓಡುವ ಜೀಪು, ಪಿಕಪ್ ಆದರಂತೂ ಕೇಳುವುದೇ ಬೇಡ. ಆ ಹೆಂಟೆ ಸ್ಟ್ರಿಪ್ ಮೇಲೆ ಉದುರಿದರೆ ಹಿಂದೆ ಬರುವ ಬೈಕಿನವನು ಜಾರಿ ಬೀಳುತ್ತಾನೆ. ಅಡಿಯಿಂದ ನೀರು ಹೊಡೆಸಿ ಚೆನ್ನಾಗಿ ತೊಳೆಸಿಕೊಂಡೇ ಹೋಗಿ.

ತಪಾಸಣೆಯಲ್ಲಿ ಏನು ನೋಡುತ್ತಾರೆ?

ಸ್ಟ್ರಿಪ್‌ಗೆ ಬಿಡುವ ಮೊದಲು ಗಾಡಿಯನ್ನು ಪರೀಕ್ಷೆ ಮಾಡುತ್ತಾರೆ. ಮುಖ್ಯವಾಗಿ ಸೋರಿಕೆ, ಟಯರ್, ಬ್ರೇಕ್, ಚಕ್ರದ ನಟ್ಟು, ಬ್ಯಾಟರಿ ಗಟ್ಟಿಯಾಗಿ ಕಟ್ಟಿದೆಯೇ, ಸೀಟ್ ಬೆಲ್ಟ್ ಹಿಡಿಯುತ್ತದೆಯೇ, ಆಕ್ಸಿಲರೇಟರ್ ಬಿಟ್ಟ ಕೂಡಲೆ ವಾಪಸ್ ಬರುತ್ತದೆಯೇ ಇಷ್ಟು. ಆಯಿಲ್ ಸೋರಿಕೆಯ ವಿಷಯದಲ್ಲಿ ಯಾರೂ ಮುಲಾಜು ನೋಡುವುದಿಲ್ಲ. ಸ್ಟ್ರಿಪ್ ಮೇಲೆ ಆಯಿಲ್ ಬಿದ್ದರೆ ಅದನ್ನು ಒರೆಸಿ ಒಣಗಿಸುವವರೆಗೆ ಕೂಟವೇ ನಿಲ್ಲುತ್ತದೆ. ಅಷ್ಟೂ ಜನ ನಿಮ್ಮ ಮುಖ ನೋಡುತ್ತಾರೆ.

ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಕೊಡೆ, ಮ್ಯಾಟು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಎಲ್ಲ ಹೊರಗೆ. ಗಣಪತಿಯನ್ನು ತೆಗೆಯಲು ಮನಸ್ಸು ಬರುವುದಿಲ್ಲ ಅಂತ ಗೊತ್ತು. ಜೇಬಿನಲ್ಲಿ ಬೇಡ, ಗೆಳೆಯನ ಕೈಯಲ್ಲಿ ಕೊಡಿ. ಸೀಟಿನ ಅಡಿ ಉರುಳಾಡುವ ನೀರಿನ ಬಾಟಲಿ ಒಂದು ಬ್ರೇಕ್ ಪೆಡಲ್ ಕೆಳಗೆ ಹೋದರೆ ಸಾಕು, ಕತೆ ಮುಗಿಯಿತು.

ನಾನು ಏನು ಹಾಕಿಕೊಳ್ಳಲಿ? ಲೈಸೆನ್ಸ್ ಬೇಕಾ?

ಉದ್ದ ತೋಳಿನ ಹತ್ತಿ ಅಂಗಿ, ಪ್ಯಾಂಟು, ಮುಚ್ಚಿದ ಶೂ. ಚಪ್ಪಲಿ, ಬರ್ಮುಡಾ ಹಾಕಿಕೊಂಡು ಬಂದರೆ ಗೇಟಿನಲ್ಲೇ ವಾಪಸ್. ಕಾರಿಗೂ ಹೆಲ್ಮೆಟ್ ಇಟ್ಟುಕೊಳ್ಳಿ. ಬೈಕಿನವರಿಗೆ ಫುಲ್ ಫೇಸ್ ಹೆಲ್ಮೆಟ್, ಚರ್ಮದ ಸೂಟು, ಗ್ಲೌಸ್, ಕಣಕಾಲು ಮುಚ್ಚುವ ಬೂಟು. ಯಾವ ಗುರುತಿನ ಹೆಲ್ಮೆಟ್ ನಡೆಯುತ್ತದೆ ಅಂತ ಆಯೋಜಕರ ನಿಯಮದಲ್ಲಿ ಬರೆದಿರುತ್ತದೆ. ರಸ್ತೆ ಬದಿಯ 600 ರೂಪಾಯಿಯದು ನಡೆಯುವುದಿಲ್ಲ.

ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್ ಅಸಲಿ ಪ್ರತಿ ಇರಲಿ. ಅಧಿಕೃತ ಸ್ಪರ್ಧೆಗೆ ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರ್ ಕ್ರೀಡಾ ಒಕ್ಕೂಟದ ಸ್ಪರ್ಧಾ ಲೈಸೆನ್ಸ್ ಬೇರೆ ಬೇಕು. ಗಾಡಿ ಅಪ್ಪನ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಆ ನೆವದಲ್ಲಾದರೂ ಮನೆಯಲ್ಲಿ ನಿಜ ಹೇಳಿದ ಹಾಗಾಗುತ್ತದೆ.

ಏನಾದರೂ ಆದರೆ ಇನ್ಶೂರೆನ್ಸ್ ಸಿಗುತ್ತದಾ?

ಸಿಗುವುದಿಲ್ಲ. ನಿಮ್ಮ ಪಾಲಿಸಿಯನ್ನು ತೆಗೆದು ‘ಬಳಕೆಯ ಮಿತಿ’ ಅನ್ನುವ ಸಾಲು ಓದಿ. ಆಯೋಜಿತ ರೇಸ್, ವೇಗ ಪರೀಕ್ಷೆ ಇವಕ್ಕೆ ರಕ್ಷಣೆ ಇಲ್ಲ ಅಂತ ಅದರಲ್ಲೇ ಇದೆ. ಸಾಲದ ಕಂತು ಇನ್ನೂ ಕಟ್ಟುತ್ತಿರುವ ಗಾಡಿಯಾದರೆ ಎರಡು ಸಲ ಯೋಚಿಸಿ.

ಆ ಲೈಟಿನ ಕಂಬ ನೋಡಿದರೆ ಗಲಿಬಿಲಿ ಆಗುತ್ತದೆ. ಯಾವಾಗ ಹೊರಡಬೇಕು?

ಅದನ್ನು ಕ್ರಿಸ್ಮಸ್ ಟ್ರೀ ಅನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಹೊರಡುವ ಗೆರೆಯಲ್ಲಿ ನೆಲಕ್ಕೆ ಹತ್ತಿರವಾಗಿ ಎರಡು ಬೆಳಕಿನ ಕಿರಣಗಳು ಅಡ್ಡ ಹಾದಿರುತ್ತವೆ, ಒಂದಕ್ಕೊಂದು ಕೆಲವೇ ಇಂಚು ದೂರ. ಮುಂದಿನ ಚಕ್ರ ಮೊದಲ ಕಿರಣ ತಡೆದರೆ ಕಂಬದ ತುದಿಯಲ್ಲಿ ಪ್ರೀ ಸ್ಟೇಜ್ ದೀಪ ಹತ್ತುತ್ತದೆ. ಅಲ್ಲಿ ನಿಲ್ಲಿ, ಉಸಿರು ಬಿಡಿ. ಪಕ್ಕದವನೂ ಬರಲಿ. ಆಮೇಲೆ ಕ್ಲಚ್ ಒಂಚೂರು ಬಿಟ್ಟು, ಬ್ರೇಕ್ ಒಂಚೂರು ಸಡಿಲಿಸಿ, ಇಂಚಿಂಚಾಗಿ ಮುಂದೆ ಹೋಗಿ. ಸ್ಟೇಜ್ ದೀಪ ಹತ್ತಿತಾ? ಅಲ್ಲೇ ಗಟ್ಟಿ ಬ್ರೇಕ್. ಹೊಸಬರು ಗಾಬರಿಯಲ್ಲಿ ಒಂದು ಅಡಿ ಮುಂದೆ ಹೋಗಿಬಿಡುತ್ತಾರೆ. ಆಗ ಅಧಿಕಾರಿ ಕೈ ಸನ್ನೆ ಮಾಡಿ ಹಿಂದಕ್ಕೆ ಕಳಿಸುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ.

ಇಬ್ಬರ ಸ್ಟೇಜ್ ದೀಪವೂ ಹತ್ತಿದ ಮೇಲೆ ಹಳದಿ ದೀಪಗಳು. ಒಂದು ಪದ್ಧತಿಯಲ್ಲಿ ಮೂರು ಹಳದಿ ಒಂದರ ಕೆಳಗೊಂದು ಅರ್ಧ ಸೆಕೆಂಡ್ ಅಂತರದಲ್ಲಿ ಹತ್ತಿ, ಮತ್ತೆ ಅರ್ಧ ಸೆಕೆಂಡಿಗೆ ಹಸಿರು ಬರುತ್ತದೆ. ಇನ್ನೊಂದರಲ್ಲಿ ಮೂರೂ ಹಳದಿ ಒಟ್ಟಿಗೆ ಹತ್ತಿ 0.4 ಸೆಕೆಂಡಿಗೆ ಹಸಿರು. ಮೊದಲ ಪದ್ಧತಿಯಲ್ಲಿ ಹಸಿರು ನೋಡಿ ಕ್ಲಚ್ ಬಿಟ್ಟರೆ ತಡವಾಯಿತು. ನಿಮ್ಮ ಕಣ್ಣು ಕಂಡು, ಕಾಲು ಕೆಲಸ ಮಾಡಿ, ಗಾಡಿ ಕದಲುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಅನುಭವ ಇರುವವರು ಕೊನೆಯ ಹಳದಿಗೇ ಹೊರಡುತ್ತಾರೆ. ಹಸಿರಿಗಿಂತ ಮೊದಲು ಗಾಡಿ ಕಿರಣ ಬಿಟ್ಟು ಹೋದರೆ ಕೆಂಪು, ಸೋತ ಹಾಗೆ. ಮೊದಲ ದಿನ ಹಸಿರಿಗೇ ಹೊರಡಿ, ತಪ್ಪಿಲ್ಲ.

ಗೆರೆ ಮೊದಲು ಮುಟ್ಟಿದವನ ಸಮಯ ಜಾಸ್ತಿ ಇತ್ತು. ಇದು ಹೇಗೆ?

ಗಡಿಯಾರ ಶುರುವಾಗುವುದು ಹಸಿರು ಹತ್ತಿದಾಗ ಅಲ್ಲ, ನಿಮ್ಮ ಚಕ್ರ ಕಿರಣ ಬಿಟ್ಟಾಗ. ಹಸಿರಿನಿಂದ ಹೊರಡುವವರೆಗಿನ ಹೊತ್ತು ಬೇರೆ, ಅದು ರಿಯಾಕ್ಷನ್ ಟೈಮ್. ಉದಾಹರಣೆಗೆ ಶಿರಸಿಯವನು 0.9 ಸೆಕೆಂಡ್ ತಡವಾಗಿ ಹೊರಟು 17.2 ಸೆಕೆಂಡಿನಲ್ಲಿ ಓಡಿದ ಅನ್ನಿ. ಒಟ್ಟು 18.1. ಕಾರವಾರದವನು 0.3ರಲ್ಲಿ ಹೊರಟು 17.6ರಲ್ಲಿ ಓಡಿದ. ಒಟ್ಟು 17.9. ಶಿರಸಿಯವನ ಗಾಡಿ ಜೋರು, ಆದರೆ ಗೆದ್ದದ್ದು ಕಾರವಾರದವನು.

ಓಟ ಮುಗಿದ ಮೇಲೆ ಸಿಗುವ ಟೈಮ್ ಸ್ಲಿಪ್‌ನಲ್ಲಿ ಇದೆಲ್ಲ ಇರುತ್ತದೆ. ಎಲ್ಲರೂ ಕೊನೆಯ ವೇಗ ನೋಡಿ ಹಿಗ್ಗುತ್ತಾರೆ. ನೀವು 60 ಅಡಿಯ ಸಮಯ ನೋಡಿ. ಮೊದಲ 18 ಮೀಟರ್ ಎಷ್ಟು ಚೊಕ್ಕವಾಗಿ ಹೊರಟಿರಿ ಅನ್ನುವುದನ್ನು ಅದು ಹೇಳುತ್ತದೆ. ಗಾಡಿಗೆ ಒಂದು ಪೈಸೆ ಖರ್ಚು ಮಾಡದೆ ಕಡಿಮೆ ಮಾಡಬಹುದಾದ ಅಂಕಿ ಅದು.

ಹಾಗಾದರೆ ಚೊಕ್ಕವಾಗಿ ಹೊರಡುವುದು ಹೇಗೆ?

ನಮ್ಮ ಕಡೆಯ ಸಣ್ಣ ಕಾರುಗಳು ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವಂಥವು. ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ, ಸುಮ್ನೆ ತಿರುಗುತ್ತದೆ. ಆದ್ದರಿಂದ ಇಂಜಿನ್ ಕಿರುಚಿಸಬೇಡಿ. 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು ಕ್ಲಚ್ ಹದವಾಗಿ ಬಿಡಿ, ಗಾಡಿ ಕಚ್ಚಿದ ಮೇಲೆ ಪೂರ್ತಿ ಒತ್ತಿ. ಮುಂದಿನ ಓಟದಲ್ಲಿ ಸ್ವಲ್ಪ ಏರಿಸಿ. ಪ್ರತಿ ಸಲ ಒಂದೇ ಒಂದು ಬದಲಾವಣೆ ಮಾಡಿ, ಆಗಲೇ ಸ್ಲಿಪ್ ಏನು ಹೇಳುತ್ತಿದೆ ಅಂತ ಗೊತ್ತಾಗುತ್ತದೆ. ಮೊದಲ ಓಟಕ್ಕೆ ಟಯರ್ ಗಾಳಿ ಕಂಪನಿ ಹೇಳಿದಷ್ಟೇ ಇರಲಿ.

ಆಟೋಮ್ಯಾಟಿಕ್ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು ಡ್ರೈವ್‌ಗೆ ತಳ್ಳಬೇಡಿ. ಗೇರ್‌ಬಾಕ್ಸ್ ಅಲ್ಲೇ ಕೈಕೊಡುತ್ತದೆ. ಬೈಕಿನವರು ಎದೆಯನ್ನು ಟ್ಯಾಂಕಿನ ಕಡೆ ಬಾಗಿಸಿ. ಇಲ್ಲವಾದರೆ ಮುಂದಿನ ಚಕ್ರ ಏಳುತ್ತದೆ, ನೋಡುವವರಿಗೆ ಖುಷಿ, ನಿಮಗೆ ಸಮಯ ನಷ್ಟ.

ಟಯರ್ ಸುಟ್ಟು ಹೊಗೆ ಎಬ್ಬಿಸಬೇಕಾ?

ರಸ್ತೆ ಟಯರಿಗೆ ಅದರಿಂದ ಲಾಭ ಇಲ್ಲ. ಟಯರ್ ಸುಡುವವರಿಗೆಂದು ನೀರು ಹಾಕಿದ ಜಾಗ ಕಂಡರೆ ಪಕ್ಕದಿಂದ ಬಳಸಿ ಹೋಗಿ. ಟಯರಿನ ಗೀರುಗಳಲ್ಲಿ ನೀರು ತುಂಬಿಕೊಂಡು ಹೊರಡುವ ಗೆರೆಯ ತನಕ ಬರುತ್ತದೆ, ಅಲ್ಲಿ ಜಾರುವುದು ನೀವೇ. ಎಸಿಯನ್ನೂ ಸಾಲಿನಲ್ಲಿ ನಿಂತಾಗಲೇ ಆರಿಸಿ. ಅದರ ನೀರು ತೊಟ್ಟಿಕ್ಕುತ್ತದೆ.

ಗೆರೆ ದಾಟಿದ ಮೇಲೆ?

ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತ ಹೋಗಿ. ಪಕ್ಕದವನು ಎಲ್ಲಿದ್ದಾನೆ ಅಂತ ಕನ್ನಡಿಯಲ್ಲಿ ನೋಡದೆ ನಿಮ್ಮ ಪಥ ಬಿಡಬೇಡಿ. ಎಂಥ ಸಂದರ್ಭ ಬಂದರೂ ಸ್ಟ್ರಿಪ್ ಮೇಲೆ ಯೂ ಟರ್ನ್ ಹೊಡೆದು ಎದುರು ಬರಬಾರದು. ವಾಪಸ್ ಬರಲು ಬೇರೆ ದಾರಿ ಇರುತ್ತದೆ, ಅದರಲ್ಲಿ ನಿಧಾನಕ್ಕೆ ಬನ್ನಿ. ಮಧ್ಯದಲ್ಲಿ ಗಾಡಿ ಕೆಟ್ಟರೆ ಗೋಡೆಯ ಕಡೆ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಬೆಂಕಿ ಕಾಣದಿದ್ದರೆ ಸಿಬ್ಬಂದಿ ಬರುವವರೆಗೆ ಇಳಿಯಬೇಡಿ.

ಮಳೆ ಬಂದರೆ?

ಒದ್ದೆಯಾದರೆ ಓಟ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಸಾಲಿನ ರನ್‌ವೇ ಯೋಚನೆ ಬಿಡಿ.

ಊಟ ತಿಂಡಿ, ಗುಂಡು?

ಗುಂಡು ಇಲ್ಲವೇ ಇಲ್ಲ. ಹಿಂದಿನ ರಾತ್ರಿಯದೂ ಬೇಡ. ಗೋವಾ ಮೇಲೆ ಹೋಗುವವರು ಮಾಜಾಳಿ ದಾಟಿದ ಕೂಡಲೆ ಮನಸ್ಸು ಬದಲಿಸಬೇಡಿ. ಹೊಟ್ಟೆಗೆ ಹಗುರಾಗಿ ಏನಾದರೂ ತಿನ್ನಿ, ನೀರು ಜಾಸ್ತಿ ಕುಡಿಯಿರಿ, ಮುರುಗಲು ಶರಬತ್ತು ಒಯ್ದರೆ ಬಿಸಿಲಿಗೆ ಒಳ್ಳೆಯದು. ಶಿರಸಿಯವರು ಬಾಟಲಿ ತುಂಬ ಅಪ್ಪೆಹುಳಿ ತರುತ್ತೇವೆ ಅಂದರೆ ಬೇಡ ಅನ್ನಿ. ಅದನ್ನು ಕುಡಿದವನು ಹಸಿರು ದೀಪಕ್ಕೂ ಏಳುವುದಿಲ್ಲ.

ಅದೇ ಗಾಡಿಯಲ್ಲಿ ಮನೆಗೆ ವಾಪಸ್ ಬರಬಹುದಾ?

ಬರಬಹುದು, ಹೆಚ್ಚಿನವರು ಹಾಗೇ ಬರುತ್ತಾರೆ. ಓಟದ ನಡುವೆ ಬಾನೆಟ್ ತೆರೆದು ಇಂಜಿನ್ ತಣಿಸಿದ್ದರೆ ಗಾಡಿಗೆ ದೊಡ್ಡ ಪೆಟ್ಟೇನೂ ಆಗಿರುವುದಿಲ್ಲ. ಕ್ಲಚ್ ಸುಟ್ಟ ವಾಸನೆ ಬಂದಿದ್ದರೆ ಆ ದಿನಕ್ಕೆ ಸಾಕು ಮಾಡಿ. ಇನ್ನೊಂದು ಓಟದ ಆಸೆಗೆ ಬಿದ್ದವರೇ ಟೋಯಿಂಗ್ ಗಾಡಿಯ ಬಾಡಿಗೆ ಕೊಟ್ಟು ಊರು ಸೇರುವುದು.

ಹೊರಡುವ ಮೊದಲು ಚಕ್ರದ ನಟ್ಟು ಮತ್ತೆ ಬಿಗಿಸಿ, ಟಯರ್ ಗಾಳಿ ಬದಲಿಸಿದ್ದರೆ ಮೊದಲಿನಷ್ಟು ಮಾಡಿಸಿ, ಆಯಿಲ್ ಕಡ್ಡಿ ಎತ್ತಿ ನೋಡಿ. ಸ್ಟೆಪ್ನಿ, ಜಾಕ್ ಡಿಕ್ಕಿಗೆ ವಾಪಸ್ ಹಾಕಲು ಮರೆಯಬೇಡಿ. ಇಡೀ ದಿನ ಬಿಸಿಲಲ್ಲಿ ನಿಂತವನು ರಾತ್ರಿಯೇ ಸ್ಟಿಯರಿಂಗ್ ಹಿಡಿಯುವುದು ಬೇಡ. ಹುಬ್ಬಳ್ಳಿಯಲ್ಲಾದರೂ ಉಳಿದು ಬೆಳಿಗ್ಗೆ ಹೊರಡಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರದೆ ಎರಡನೇ ಗೇರಿನಲ್ಲಿ ಇಳಿಸಿ. ಆ ವಾರದೊಳಗೆ ಗ್ಯಾರೇಜಿನಲ್ಲಿ ಬ್ರೇಕ್ ಪ್ಯಾಡ್, ಕ್ಲಚ್ ಒಮ್ಮೆ ನೋಡಿಸಿ.